ಹಳೆಯ ಎಚ್‌ಒ ಡೀಸೆಲ್ ಎಂಜಿನ್‌ಗೆ ಸೌಂಡ್, ಲೈಟ್: ಡಿಕೋಡರ್ ಕೂರಿಸುವ ಪೂರ್ತಿ ವಿಧಾನ

ಮಾದರಿ ರೈಲಿನ ಎಂಜಿನ್‌ಗೆ ಸೌಂಡ್ ಹಾಕಬೇಕು ಅಂದುಕೊಂಡವರು ಮೊದಲು ಕೇಳುವುದು, ಯಾವ ಡಿಕೋಡರ್ ಕೊಳ್ಳಲಿ ಎಂದು. ಡಿಕೋಡರ್ ಅಂದರೆ ಕಂಟ್ರೋಲರಿನ ಆದೇಶ ಓದಿ ಎಂಜಿನ್‌ನ ಮೋಟರ್, ಲೈಟ್, ಸದ್ದು ನಡೆಸುವ ಪುಟ್ಟ ಬೋರ್ಡ್. ನನ್ನ ಲೆಕ್ಕದಲ್ಲಿ ಅದು ಮೂರನೆಯ ಪ್ರಶ್ನೆ. ಮೋಟರ್ ಚಾಸಿಯಿಂದ ಪೂರ್ತಿ ಬೇರೆಯಾಗಿದೆಯಾ ಎನ್ನುವುದು ಮೊದಲನೆಯದು. ಗಾಲಿಗಳಿಂದ ಕರೆಂಟು ಎಲ್ಲೂ ತಪ್ಪದೆ ಒಳಗೆ ಬರುತ್ತಿದೆಯಾ ಎನ್ನುವುದು ಎರಡನೆಯದು. ಇವೆರಡು ಸರಿ ಇದ್ದರೆ ಸಾಧಾರಣ ಬೆಲೆಯ ಡಿಕೋಡರ್ ಕೂಡ ಚೆನ್ನಾಗಿ ಹಾಡುತ್ತದೆ. ಸರಿ ಇಲ್ಲದಿದ್ದರೆ ಎಷ್ಟೇ ದುಬಾರಿ ಡಿಕೋಡರ್ ಆದರೂ ಒಂದು ಕ್ಷಣದಲ್ಲಿ ಸುಟ್ಟು ಹೋಗಬಹುದು.

ಉದಾಹರಣೆಗೆ ಅಮೆರಿಕದ ಅಥರ್ನ್ ಕಂಪನಿಯ ಹಳೆಯ 'ಬ್ಲೂ ಬಾಕ್ಸ್' ಜಿಪಿ38-2 ತೆಗೆದುಕೊಳ್ಳೋಣ. ಎಚ್‌ಒ ಅಳತೆ, ಅಂದರೆ 1:87. ಹಳೇ ಸಾಮಾನಿನ ಮಾರಾಟದಲ್ಲಿ ಈಗಲೂ ಸಿಗುತ್ತದೆ, ಗಟ್ಟಿಮುಟ್ಟಾಗಿರುತ್ತದೆ. ಇದರಲ್ಲಿ ಡಿಕೋಡರ್ ಚುಚ್ಚಲು ಸಾಕೆಟ್ ಇಲ್ಲ. ಎಲ್ಲ ವೈರನ್ನೂ ಕೈಯಲ್ಲೇ ಬೆಸೆಯಬೇಕು. ಇದನ್ನು ಒಮ್ಮೆ ಮಾಡಿದವರಿಗೆ ಸಾಕೆಟ್ ಇರುವ ಎಂಜಿನ್ ಸುಲಭದ ಕೆಲಸ ಅನಿಸುತ್ತದೆ.

ಒಳಗೆ ಏನು ನಡೆಯುತ್ತದೆ

ಹಳೆಯ ಡಿಸಿ ಪದ್ಧತಿಯಲ್ಲಿ ಹಳಿಯ ಕರೆಂಟು ನೇರವಾಗಿ ಮೋಟರಿಗೆ ಹೋಗುತ್ತದೆ. ವೋಲ್ಟೇಜ್ ಜಾಸ್ತಿ ಮಾಡಿದರೆ ಜೋರಾಗಿ ಓಡುತ್ತದೆ, ತಿರುಗುಮುರುಗು ಮಾಡಿದರೆ ಹಿಂದಕ್ಕೆ ಓಡುತ್ತದೆ. ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್, ಹಾಗಲ್ಲ. ಹಳಿಯಲ್ಲಿ ಯಾವಾಗಲೂ ಸುಮಾರು 14–15 ವೋಲ್ಟ್ ಇರುತ್ತದೆ. ಅದು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುತ್ತದೆ. ಬದಲಾಗುವ ವೇಗದಲ್ಲೇ ಸಂದೇಶ ಅಡಗಿದೆ: ಅರ್ಧ ಅಲೆ 58 ಮೈಕ್ರೋಸೆಕೆಂಡ್ ಇದ್ದರೆ ಅದು ಒಂದು, 100 ಅಥವಾ ಅದಕ್ಕಿಂತ ಉದ್ದ ಇದ್ದರೆ ಸೊನ್ನೆ. ಡಿಕೋಡರ್ ತನ್ನ ವಿಳಾಸಕ್ಕೆ ಬಂದ ಸಂದೇಶವನ್ನು ಮಾತ್ರ ಓದಿ ಮೋಟರ್, ಲೈಟ್, ಸ್ಪೀಕರಿಗೆ ಕರೆಂಟು ಹಂಚುತ್ತದೆ. ಜರ್ಮನಿಯ ಲೆಂಝ್ ಕಂಪನಿಯ ಪದ್ಧತಿ ಇದು. ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಇದನ್ನೇ ಆಧಾರವಾಗಿಟ್ಟು ಮಾನದಂಡ ಮಾಡಿತು. ಅದಕ್ಕೇ ಒಂದು ಕಂಪನಿಯ ಡಿಕೋಡರ್ ಇನ್ನೊಂದು ಕಂಪನಿಯ ಕಂಟ್ರೋಲರಿನಲ್ಲಿ ಓಡುತ್ತದೆ.

ಇದರಿಂದ ಒಂದು ವಿಷಯ ಸ್ಪಷ್ಟ, ಅಲ್ವಾ? ಹಳಿಯ ಕರೆಂಟು ಡಿಕೋಡರನ್ನು ದಾಟದೆ ಮೋಟರನ್ನು ಮುಟ್ಟಬಾರದು. ಮುಟ್ಟಿದರೆ ಅದು ಡಿಕೋಡರಿನ ಮೋಟರ್ ತಂತಿಯ ಮೂಲಕ ಹಿಂದಕ್ಕೆ ನುಗ್ಗುತ್ತದೆ. ಅಲ್ಲಿಗೆ ಡಿಕೋಡರ್ ಮುಗಿಯಿತು.

ಕೊಳ್ಳುವ ಮೊದಲು

ಮೊದಲು ಎಂಜಿನ್ ಡಿಸಿಯಲ್ಲಿ ಚೆನ್ನಾಗಿ ಓಡಬೇಕು. ಓಡದ ಎಂಜಿನ್‌ಗೆ ಡಿಕೋಡರ್ ಹಾಕಿದರೆ ಓಡದ ಎಂಜಿನ್ ಸದ್ದು ಮಾಡುತ್ತದೆ, ಅಷ್ಟೇ. ಗಾಲಿ ಒರೆಸಿ, ಹಳೆಯ ಗಟ್ಟಿಯಾದ ಗ್ರೀಸ್ ತೆಗೆದು, ಹೊಸದನ್ನು ಸ್ವಲ್ಪವೇ ಹಾಕಿ.

ಆಮೇಲೆ ಕರೆಂಟು ಅಳೆಯಿರಿ. 12 ವೋಲ್ಟ್ ಡಿಸಿ ಕೊಟ್ಟು, ಮೀಟರನ್ನು ಆಂಪಿಯರ್‌ಗೆ ಇಟ್ಟು, ಫ್ಲೈವೀಲನ್ನು ಬೆರಳಿಂದ ಒಂದು ಕ್ಷಣ ತಡೆದು ಹಿಡಿಯಿರಿ. ಆಗ ಕಾಣುವ ಅಂಕಿ ಡಿಕೋಡರಿನ ಮಿತಿಗಿಂತ ಕಡಿಮೆ ಇರಬೇಕು. ಇಎಸ್‌ಯು ಕಂಪನಿಯ ಎಚ್‌ಒ ಅಳತೆಯ ಲಾಕ್‌ಸೌಂಡ್ 5ಕ್ಕೆ ಈ ಮಿತಿ 1.5 ಆಂಪಿಯರ್, ಚಿಕ್ಕದಾದ ಮೈಕ್ರೋಗೆ 0.75. ಹಳೆಯ ಅಥರ್ನ್ ಮೋಟರುಗಳು ಕರೆಂಟು ಕುಡಿಯುವುದರಲ್ಲಿ ಹೆಸರುವಾಸಿ. ಮಿತಿ ದಾಟಿದರೆ ಡಿಕೋಡರಿಗೆ ಮೊದಲು ಹೊಸ ಮೋಟರಿಗೆ ದುಡ್ಡು ಹಾಕಿ.

ಇನ್ನು ದನಿ. ಎಂಜಿನ್ ಯಾವುದೋ ದನಿಯೂ ಅದೇ ಇರಬೇಕು. ಜಿಪಿ38-2 ಅನ್ನು ಅಮೆರಿಕದ ಇಎಂಡಿ ಕಂಪನಿ 1972ರಿಂದ 1986ರವರೆಗೆ ತಯಾರಿಸಿತು. 2000 ಅಶ್ವಶಕ್ತಿ, 16 ಸಿಲಿಂಡರಿನ 645 ಎಂಜಿನ್. ಟರ್ಬೊ ಇಲ್ಲ. ಅದರ ಅಣ್ಣನಂತಿರುವ ಎಸ್‌ಡಿ40-2ರಲ್ಲಿ ಟರ್ಬೊ ಇದೆ, ವೇಗ ಏರಿದಾಗ ಸಿಳ್ಳೆಯಂಥ ಸದ್ದು ಬರುತ್ತದೆ. ಟರ್ಬೊ ಸಿಳ್ಳೆಯನ್ನು ಜಿಪಿ38-2ಕ್ಕೆ ಹಾಕಿದರೆ ಗೊತ್ತಿರುವವರು ನಗುತ್ತಾರೆ.

ನಮ್ಮ ಕಡೆಯ ಎಂಜಿನ್ ಮಾಡುವವರಿಗೂ ಇಲ್ಲಿ ಅನುಕೂಲ ಇದೆ. ಡಬ್ಲ್ಯುಡಿಎಂ-2 ಮೂಲತಃ ಅಮೆರಿಕದ ಆಲ್ಕೊ ವಿನ್ಯಾಸ. 1962ರಲ್ಲಿ ಮೊದಲ ಎಂಜಿನ್‌ಗಳು ಅಲ್ಲಿಂದ ಬಂದವು, ಆಮೇಲೆ ವಾರಾಣಸಿಯಲ್ಲಿ ತಯಾರಾದವು. ಆದ್ದರಿಂದ 16 ಸಿಲಿಂಡರಿನ ಆಲ್ಕೊ 251 ದನಿಯ ಫೈಲ್ ಇದಕ್ಕೆ ಹೊಂದುತ್ತದೆ. ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಇಎಂಡಿ ಸಂತಾನ, ಅದಕ್ಕೆ 16 ಸಿಲಿಂಡರಿನ 710 ಎಂಜಿನ್ ಫೈಲ್ ಬೇಕು. ಕ್ಯಾಸಲ್ ರಾಕ್ ಘಾಟಿಯಲ್ಲಿ ಅವು ಗೂಡ್ಸ್ ರೈಲನ್ನು ಹಿಂದಿನಿಂದ ತಳ್ಳುವಾಗಿನ ಗುಡುಗು ಕೇಳಿದವರಿಗೆ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಹಾರನ್ ಮಾತ್ರ ಅಮೆರಿಕದ್ದು ಒಗ್ಗುವುದಿಲ್ಲ. ಇಎಸ್‌ಯುವಿನ ಲಾಕ್‌ಪ್ರೋಗ್ರಾಮರ್ ಎಂಬ ಸಾಧನ ಇದ್ದರೆ ನೀವೇ ರೆಕಾರ್ಡ್ ಮಾಡಿದ ಹಾರನ್ನನ್ನು ಒಳಗೆ ಸೇರಿಸಬಹುದು. ಅಂದ ಹಾಗೆ, ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಆಗುತ್ತದೆ, ಎಚ್‌ಒ ಹಳಿ ಇರುವುದು 16.5. ಆ ಜಗಳಕ್ಕೆ ಈಗ ಹೋಗುವುದು ಬೇಡ.

ಮೇಜಿನ ಮೇಲೆ

ಬೀಪ್ ಮಾಡುವ ಮಲ್ಟಿಮೀಟರ್ ಇಲ್ಲದೆ ಕೆಲಸ ಶುರು ಮಾಡಬೇಡಿ. ಸಣ್ಣ ಮೊನೆಯ 25 ವಾಟ್ ಸೋಲ್ಡರಿಂಗ್ ಐರನ್, ರೋಸಿನ್ ಇರುವ ತೆಳು ಸೀಸ, ಹೀಟ್ ಶ್ರಿಂಕ್ ಟ್ಯೂಬ್, ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್, ಎರಡು ಬದಿ ಅಂಟುವ ಫೋಮ್ ಟೇಪ್, 1 ಕಿಲೋಓಮ್ ಮತ್ತು 2.2 ಕಿಲೋಓಮ್‌ನ ಕಾಲು ವಾಟ್ ರೆಸಿಸ್ಟರುಗಳು, ವಾರ್ಮ್ ವೈಟ್ ಎಲ್‌ಇಡಿಗಳು ಬೇಕು. ಬೆಂಗಳೂರಿನವರಾದರೆ ಇವೆಲ್ಲ ಎಸ್‌.ಪಿ. ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಕರೆಂಟಿನ ಕೆಲಸಕ್ಕೆ ಬಳಸುವ ಮಾಮೂಲಿ ಕಪ್ಪು ಟೇಪ್ ಬೇಡ. ಬಿಸಿಗೆ ಅದರ ಅಂಟು ಕರಗಿ ಜಾರುತ್ತದೆ.

ಹಂತ 1: ಬಿಚ್ಚುವುದು, ಮೋಟರ್ ಬೇರೆ ಮಾಡುವುದು

ಬಾಡಿ ತೆಗೆಯುವ ಮೊದಲು ಫೋಟೊ ತೆಗೆದುಕೊಳ್ಳಿ. ಪ್ರತಿ ಹಂತದಲ್ಲೂ ತೆಗೆದುಕೊಳ್ಳಿ. ಬಾಡಿಯ ಎರಡು ಬದಿಯನ್ನು ಮೆಲ್ಲಗೆ ಹೊರಕ್ಕೆ ಅಗಲಿಸಿದರೆ ಚಾಸಿಯ ಕೊಂಡಿಗಳಿಂದ ಬಿಡಿಸಿಕೊಳ್ಳುತ್ತದೆ. ಕಪ್ಲರ್ ಅಡ್ಡ ಬಂದರೆ ಅದನ್ನು ಮೊದಲು ಬಿಚ್ಚಿ.

ಮೋಟರಿನ ತಲೆಯ ಮೇಲೆ ಒಂದು ಲೋಹದ ಪಟ್ಟಿ ಕಾಣುತ್ತದೆ. ಎರಡೂ ಟ್ರಕ್‌ಗಳಿಂದ, ಅಂದರೆ ಗಾಲಿ ಹಿಡಿದಿರುವ ಚೌಕಟ್ಟುಗಳಿಂದ, ಒಂದು ಹಳಿಯ ಕರೆಂಟು ಅದರ ಮೂಲಕ ಮೋಟರಿಗೆ ಬರುತ್ತದೆ. ಇನ್ನೊಂದು ಹಳಿಯ ಕರೆಂಟು ಕಣ್ಣಿಗೆ ಕಾಣುವುದಿಲ್ಲ. ಅದು ಚಾಸಿಯಲ್ಲೇ ಹರಿದು ಮೋಟರಿನ ಅಡಿಯಲ್ಲಿರುವ ಕ್ಲಿಪ್ಪಿನ ಎರಡು ಸಣ್ಣ ಮುಳ್ಳುಗಳಿಗೆ ತಲುಪುತ್ತದೆ. ಈ ಎಂಜಿನ್‌ನಲ್ಲಿ ಡಿಕೋಡರ್ ಕೊಲ್ಲುವುದು ಆ ಮುಳ್ಳುಗಳೇ.

ಮೇಲಿನ ಪಟ್ಟಿ ಕಳಚಿ ಮೋಟರನ್ನು ಹೊರಗೆ ತೆಗೆಯಿರಿ. ಎರಡೂ ತುದಿಯ ಪ್ಲಾಸ್ಟಿಕ್ ಶಾಫ್ಟ್ ಕಳಚಿಕೊಳ್ಳುತ್ತವೆ, ಎತ್ತಿಡಿ. ಕೆಳಗಿನ ಕ್ಲಿಪ್ ಬಿಚ್ಚುವಾಗ ಬೆರಳು ಒತ್ತಿ ಹಿಡಿದಿರಿ, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗು, ಕಾರ್ಬನ್ ಬ್ರಷ್ಷು ಹಾರಿ ಎಲ್ಲೋ ಬೀಳುತ್ತವೆ. ಮುಳ್ಳುಗಳನ್ನು ಕಟ್ಟರಿನಿಂದ ಸಮನಾಗಿ ಕತ್ತರಿಸಿ. ಕ್ಲಿಪ್ ಹೊರಗಿರುವಾಗಲೇ ಅದಕ್ಕೆ ಬೂದು ವೈರ್ ಬೆಸೆಯಿರಿ (ಬೂದು, ಕಿತ್ತಳೆ ಡಿಕೋಡರಿನ ಮೋಟರ್ ವೈರುಗಳ ಬಣ್ಣ). ಮೋಟರಿನಲ್ಲಿ ಇಟ್ಟು ಬೆಸೆದರೆ ಪ್ಲಾಸ್ಟಿಕ್ ಕರಗುತ್ತದೆ. ಮೇಲಿನ ಕ್ಲಿಪ್ಪಿಗೆ ಇದೇ ರೀತಿ ಕಿತ್ತಳೆ ವೈರ್. ಚಾಸಿಯಲ್ಲಿ ಮೋಟರ್ ಕೂರುವ ಗುಳಿಗೆ ಎರಡು ಪದರ ಕ್ಯಾಪ್ಟಾನ್ ಟೇಪ್ ಅಂಟಿಸಿ ಮೋಟರ್ ವಾಪಸ್ ಕೂರಿಸಿ.

ಈಗ ಮೀಟರ್. ಒಂದು ಕಡ್ಡಿ ಕಿತ್ತಳೆ ವೈರಿಗೆ. ಇನ್ನೊಂದನ್ನು ಸರದಿಯಂತೆ ಚಾಸಿಗೆ, ಬಲಗಡೆಯ ಎಲ್ಲ ಗಾಲಿಗೆ, ಎಡಗಡೆಯ ಎಲ್ಲ ಗಾಲಿಗೆ ಮುಟ್ಟಿಸಿ. ಬೂದು ವೈರಿಗೂ ಇದನ್ನೇ ಮಾಡಿ. ಎಲ್ಲೂ ಬೀಪ್ ಬರಬಾರದು. ಫ್ಲೈವೀಲನ್ನು ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸುತ್ತಾ ಮತ್ತೆ ನೋಡಿ. ಒಂದೇ ಒಂದು ಬೀಪ್ ಬಂದರೂ ಮುಂದೆ ಹೋಗಬೇಡಿ.

ಹಂತ 2: ಗಾಲಿಯಿಂದ ಡಿಕೋಡರಿಗೆ

ಡಿಸಿಯಲ್ಲಿ ಕರೆಂಟು ಒಂದು ಚಣ ತಪ್ಪಿದರೆ ಫ್ಲೈವೀಲಿನ ಓಟದಲ್ಲಿ ಅದು ಗೊತ್ತೇ ಆಗುವುದಿಲ್ಲ. ಸೌಂಡ್ ಡಿಕೋಡರ್ ಹಾಗೆ ಸುಮ್ಮನಿರುವುದಿಲ್ಲ. ಸದ್ದು ನಿಂತು, ಎಂಜಿನ್ ಮತ್ತೆ ಮೊದಲಿಂದ ಸ್ಟಾರ್ಟ್ ಆಗುತ್ತದೆ. ಅದಕ್ಕೇ ಟ್ರಕ್‌ಗಳಿಂದ ಬರುವ ಆ ಲೋಹದ ಪಟ್ಟಿಯನ್ನು ಮತ್ತೆ ಹಾಕಬೇಡಿ. ಟ್ರಕ್ಕಿನ ಮೇಲೆ ಎದ್ದು ನಿಂತಿರುವ ಲೋಹದ ನಾಲಿಗೆಗೆ ಮೆತ್ತನೆಯ ವೈರ್ ಬೆಸೆದು, ಎರಡೂ ಟ್ರಕ್‌ಗಳ ವೈರನ್ನು ಒಂದುಗೂಡಿಸಿ. ತಿರುವಿನಲ್ಲಿ ಟ್ರಕ್ ಹೊರಳಲು ವೈರಿಗೆ ಸಡಿಲ ಬಿಟ್ಟಿರಬೇಕು.

ಇನ್ನೊಂದು ಬದಿ ಚಾಸಿಯದು. ದಪ್ಪ ಲೋಹಕ್ಕೆ ಬೆಸುಗೆ ಹಿಡಿಯುವುದಿಲ್ಲ. ಸಣ್ಣ ತೂತು ಕೊರೆದು ಮರೆ ಹೊಡೆದು 2 ಮಿ.ಮೀ. ಸ್ಕ್ರೂ ಹಾಕಿ, ಅದರಡಿ ವೈರ್ ಕಟ್ಟಿ. ಕೊರೆಯುವಾಗ ಮೋಟರ್ ಹೊರಗಿರಲಿ, ಲೋಹದ ಪುಡಿ ನೇರ ಅದರ ಅಯಸ್ಕಾಂತಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಯಾವ ಬದಿ ಚಾಸಿಯದು ಎಂದು ಮೀಟರಿನಲ್ಲಿ ನೋಡಿಕೊಳ್ಳಿ. ಎಂಜಿನ್ ಮುಂದಕ್ಕೆ ಹೊರಟಾಗ ಬಲಗಡೆ ಬರುವ ಹಳಿಗೆ ಡಿಕೋಡರಿನ ಕೆಂಪು ವೈರ್, ಎಡಗಡೆಗೆ ಕಪ್ಪು.

ಹಳೆಯ ಬ್ಲೂ ಬಾಕ್ಸಿನ ಗಾಲಿಗಳು ಲೋಹದ ಪುಡಿಯನ್ನು ಒತ್ತಿ ಮಾಡಿದವು. ಒರಟಾಗಿರುವುದರಿಂದ ಕೊಳೆ ಬೇಗ ಹಿಡಿಯುತ್ತದೆ. ನಿಕಲ್ ಸಿಲ್ವರ್ ಗಾಲಿಗಳಿಗೆ ಬದಲಿಸಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಫಲ ಸಿಗುವುದು ಇಲ್ಲೇ.

ಹಂತ 3: ಲೈಟ್

ಮೊದಲಿದ್ದ ಬಲ್ಬು ಚಾಸಿಯಿಂದಲೇ ಕರೆಂಟು ತೆಗೆದುಕೊಳ್ಳುತ್ತದೆ. ಅದನ್ನು ಪೂರ್ತಿ ಕಿತ್ತು ಹಾಕಿ. ಡಿಕೋಡರಿನ ನೀಲಿ ವೈರ್ ಎಲ್ಲ ಲೈಟುಗಳಿಗೂ ಸೇರಿದ ಪ್ಲಸ್. ಬಿಳಿ ಮುಂದಿನ ದೀಪಕ್ಕೆ, ಹಳದಿ ಹಿಂದಿನದಕ್ಕೆ, ಹಸಿರು ಮತ್ತು ನೇರಳೆ ಹೆಚ್ಚುವರಿ ದೀಪಗಳಿಗೆ. ಎಲ್‌ಇಡಿಯ ಉದ್ದ ಕಾಲು ನೀಲಿಗೆ, ಗಿಡ್ಡ ಕಾಲು ರೆಸಿಸ್ಟರ್ ಮೂಲಕ ಬಣ್ಣದ ವೈರಿಗೆ. ನೀಲಿ ವೈರ್ ಯಾವ ಕಾರಣಕ್ಕೂ ಚಾಸಿಯನ್ನು ಮುಟ್ಟಬಾರದು.

ರೆಸಿಸ್ಟರಿನ ಲೆಕ್ಕ ಸುಲಭ. ಡಿಕೋಡರಿನಿಂದ ಸುಮಾರು 14 ವೋಲ್ಟ್, ಬಿಳಿ ಎಲ್‌ಇಡಿಗೆ ಸುಮಾರು 3. ಉಳಿದ 11 ವೋಲ್ಟನ್ನು 1000 ಓಮ್‌ನಿಂದ ಭಾಗಿಸಿದರೆ 11 ಮಿಲಿಆಂಪಿಯರ್. 2.2 ಕಿಲೋಓಮ್ ಹಾಕಿದರೆ 5. ಇಂದಿನ ಎಲ್‌ಇಡಿಗಳಿಗೆ 5 ಧಾರಾಳ ಸಾಕು. ಪ್ರತಿ ಎಲ್‌ಇಡಿಗೂ ಬೇರೆ ಬೇರೆ ರೆಸಿಸ್ಟರ್ ಇರಲಿ. ನೀಲಿ ವೈರಿನಲ್ಲಿ ಒಂದೇ ರೆಸಿಸ್ಟರ್ ಹಾಕಿ ಉಳಿಸಲು ಹೋದರೆ ಎರಡನೆಯ ದೀಪ ಹತ್ತಿದಾಗ ಮೊದಲನೆಯದು ಮಂಕಾಗುತ್ತದೆ. 1.5 ವೋಲ್ಟಿನ 15 ಮಿಲಿಆಂಪಿಯರ್ ಪುಟ್ಟ ಬಲ್ಬೇ ಬೇಕು ಅನ್ನುವವರು 820 ಅಥವಾ 910 ಓಮ್ ಹಾಕಿ.

ಬೆಳಕು ಸೋರುವುದು ದೊಡ್ಡ ಕಿರಿಕಿರಿ. ಬಾಡಿಯ ಪ್ಲಾಸ್ಟಿಕ್ಕೇ ಕೆಂಪಗೆ ಹೊಳೆಯುತ್ತದೆ. ಎಲ್‌ಇಡಿಗೆ ಕಪ್ಪು ಹೀಟ್ ಶ್ರಿಂಕ್ ತೊಡಿಸಿ, ಬಾಡಿಯ ಒಳಮೈಗೆ ಕಪ್ಪು ಬಣ್ಣ ಬಳಿಯಿರಿ. ಹೆಡ್‌ಲೈಟಿನ ಪಾರದರ್ಶಕ ಮಸೂರಕ್ಕೆ ಸೂಪರ್ ಗ್ಲೂ ಹಚ್ಚಬೇಡಿ, ಅದರ ಹಬೆಗೆ ಮಸೂರ ಬೆಳ್ಳಗೆ ಮಂಜಾಗುತ್ತದೆ. ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿ ಅಂಟು ಸಾಕು.

ಜಿಪಿ38-2ರ ಮುಂಭಾಗದ ಕೆಳಗಿನ ಡಿಚ್ ಲೈಟುಗಳನ್ನು ಹಾಕುವ ಮೊದಲು ನಿಮ್ಮ ಮಾದರಿ ಯಾವ ಕಾಲದ್ದು ಎಂದು ನಿರ್ಧರಿಸಿ. ಅಮೆರಿಕದ ಫೆಡರಲ್ ರೈಲ್‌ರೋಡ್ ಆಡಳಿತ ಇಂಥ ಹೆಚ್ಚುವರಿ ದೀಪಗಳನ್ನು 1997ರ ಕೊನೆಯೊಳಗೆ ಅಳವಡಿಸಬೇಕೆಂದು ಕಡ್ಡಾಯ ಮಾಡಿತು. 1975ರ ಬಣ್ಣದ ಎಂಜಿನ್‌ಗೆ ಡಿಚ್ ಲೈಟ್ ಹಾಕಿದರೆ ಕಾಲ ತಪ್ಪುತ್ತದೆ. ಹಾಕುವುದಾದರೆ ಎಡದ್ದು ಹಸಿರಿಗೆ, ಬಲದ್ದು ನೇರಳೆಗೆ. ಹಾರನ್ ಒತ್ತಿದಾಗ ಒಂದಾದ ಮೇಲೊಂದು ಮಿನುಗುವಂತೆ ಡಿಕೋಡರಿನಲ್ಲಿ ಹೊಂದಿಸಬಹುದು. ನಮ್ಮ ಡಬ್ಲ್ಯುಡಿಜಿ-4ಕ್ಕಾದರೆ ಇದೇ ನೇರಳೆ ವೈರಿಗೆ ಹಳದಿ ಫ್ಲ್ಯಾಷರ್ ಲೈಟ್ ಕೊಡಿ. ಅಪಾಯದಲ್ಲಿ ಎದುರಿನ ರೈಲನ್ನು ಎಚ್ಚರಿಸುವ ದೀಪ ಅದು.

ಹಂತ 4: ಸ್ಪೀಕರ್

ಸ್ಪೀಕರಿನ ಮುಂದಿನಿಂದ ಹೊರಡುವ ಅಲೆ, ಹಿಂದಿನಿಂದ ಹೊರಡುವ ಅಲೆ ಒಂದಕ್ಕೊಂದು ವಿರುದ್ಧ. ಎರಡೂ ಕೂಡಿದರೆ ಪರಸ್ಪರ ನುಂಗಿಕೊಳ್ಳುತ್ತವೆ, ಅದರಲ್ಲೂ ಗುಡುಗುವ ಕೆಳದನಿ. ಬರೀ ಸ್ಪೀಕರ್ ಕೈಯಲ್ಲಿ ಹಿಡಿದು ಕೇಳಿದರೆ ಸೊಳ್ಳೆ ಗುಂಯ್‌ಗುಟ್ಟಿದಂತಿರುತ್ತದೆ. ಹಿಂಬದಿಗೆ ಡಬ್ಬಿ ಕೂರಿಸಿ, ಅಂಚಿನಲ್ಲಿ ಒಂದು ಕೂದಲಷ್ಟೂ ಸಂದು ಇಲ್ಲದಂತೆ ಅಂಟು ಬಳಿದರೆ ಅದೇ ಸ್ಪೀಕರ್ ಗುಡುಗುತ್ತದೆ. ಫೋನುಗಳಿಗೆಂದು ಬಂದ 11×15 ಮಿ.ಮೀ. 'ಶುಗರ್ ಕ್ಯೂಬ್' ಸ್ಪೀಕರ್ ಜಿಪಿ38-2ರ ಉದ್ದ ಹುಡ್ಡಿನೊಳಗೆ ಹಿಂದಿನ ಟ್ರಕ್ಕಿನ ಮೇಲೆ ಕೂರುತ್ತದೆ. ಡಬ್ಬಿ ಎಷ್ಟು ದೊಡ್ಡದಿದ್ದರೆ ಅಷ್ಟು ಒಳ್ಳೆಯದು.

ಓಮ್ ನೋಡಿಕೊಳ್ಳಿ. ಲಾಕ್‌ಸೌಂಡ್ 5ಕ್ಕೆ 4ರಿಂದ 32 ಓಮ್‌ವರೆಗೆ ಆಗುತ್ತದೆ. ಅದೇ ಕಂಪನಿಯ ಹಳೆಯ 3.5ಕ್ಕೆ 100 ಓಮ್ ಬೇಕಿತ್ತು. ಅದಕ್ಕೆ 8 ಓಮ್ ಹಾಕಿದರೆ ಆಂಪ್ಲಿಫೈಯರ್ ಸುಡುತ್ತದೆ. 8 ಓಮ್‌ನ ಎರಡು ಸ್ಪೀಕರುಗಳನ್ನು ಸಾಲಾಗಿ (ಸೀರೀಸ್) ಜೋಡಿಸಿದರೆ 16, ಪಕ್ಕಪಕ್ಕ (ಪ್ಯಾರಲಲ್) ಜೋಡಿಸಿದರೆ 4. ಎರಡು ಹಾಕುವಾಗ ಒಂದರ ಪ್ಲಸ್ ತಲೆಕೆಳಗಾದರೆ ಮತ್ತೆ ಒಂದನ್ನೊಂದು ನುಂಗುತ್ತವೆ. ಇಎಸ್‌ಯುದಲ್ಲಿ ಸ್ಪೀಕರಿನ ವೈರುಗಳು ಎರಡೂ ಕಂದು. ಇವೂ ಚಾಸಿಯನ್ನು ಮುಟ್ಟಬಾರದು.

ಹಂತ 5: ಮುಚ್ಚುವ ಮೊದಲು ಪರೀಕ್ಷೆ

ಡಿಕೋಡರನ್ನು ಮೋಟರಿನ ಮೇಲೆ ಫೋಮ್ ಟೇಪಿನಿಂದ ಕೂರಿಸಿ. ಅದನ್ನು ಟೇಪಿನಲ್ಲಿ ಸುತ್ತಿಬಿಡಬೇಡಿ, ಬಿಸಿ ಹೊರಗೆ ಹೋಗಬೇಕು. ಬಾಡಿ ಹಾಕದೆ, ಎಂಜಿನನ್ನು ಮೊದಲು ಪ್ರೋಗ್ರಾಮಿಂಗ್ ಹಳಿಯ ಮೇಲೆ, ಅಂದರೆ ಡಿಕೋಡರ್ ಹೊಂದಿಸಲೆಂದೇ ಬೇರೆ ಇಟ್ಟ ಹಳಿಯ ಮೇಲೆ, ಇಡಿ. ಮುಖ್ಯ ಹಳಿಯ ಮೇಲೆ ಬೇಡವೇ ಬೇಡ. ಪ್ರೋಗ್ರಾಮಿಂಗ್ ಹಳಿಯಲ್ಲಿ ಕರೆಂಟಿಗೆ ಕಾಲು ಆಂಪಿಯರಿನ ಮಿತಿ ಇದೆ, ವೈರಿಂಗ್ ತಪ್ಪಿದ್ದರೂ ಡಿಕೋಡರ್ ಉಳಿಯುವ ಸಾಧ್ಯತೆ ಜಾಸ್ತಿ.

ಸಿವಿ8 ಓದಿ. ಸಿವಿ ಅಂದರೆ ಡಿಕೋಡರಿನೊಳಗೆ ನಂಬರ್ ಹಾಕಿಟ್ಟ ಒಂದೊಂದು ಸೆಟ್ಟಿಂಗ್. ಇಎಸ್‌ಯು ಆದರೆ 151, ಸೌಂಡ್‌ಟ್ರಾಕ್ಸ್ ಆದರೆ 141 ಎಂದು ಉತ್ತರ ಬರಬೇಕು. ಡಿಕೋಡರ್ ಉತ್ತರ ಕೊಡುವುದು ಮೋಟರಿಗೆ ಸಣ್ಣ ಸಣ್ಣ ತಟ್ಟು ಕೊಟ್ಟು. ಹಳಿಗೆ ಸಂದೇಶ ಕಳಿಸುವ ಕಮಾಂಡ್ ಸ್ಟೇಷನ್ ಆ 60 ಮಿಲಿಆಂಪಿಯರಿನ ಏರಿಕೆಯನ್ನು ಗಮನಿಸುತ್ತದೆ. ಆದ್ದರಿಂದ ಉತ್ತರವೇ ಬರದಿದ್ದರೆ ಮೊದಲು ಕಿತ್ತಳೆ, ಬೂದು ಬೆಸುಗೆಗಳನ್ನು ನೋಡಿ.

ಉತ್ತರ ಬಂತೇ? ಮುಖ್ಯ ಹಳಿಗೆ ತನ್ನಿ. ಹೊಸ ಡಿಕೋಡರಿನ ವಿಳಾಸ 3. ಮುಂದಕ್ಕೆ ಎಂದಾಗ ಎಂಜಿನ್ ಹಿಂದಕ್ಕೆ ಹೋಗಿ, ಮುಂದಿನ ದೀಪ ಮಾತ್ರ ಸರಿಯಾಗಿ ಹತ್ತಿದರೆ ಕಿತ್ತಳೆ ಮತ್ತು ಬೂದು ಅದಲುಬದಲಾಗಿವೆ. ಅವನ್ನೇ ಬಿಚ್ಚಿ ಬದಲಿಸಿ. ಸಿವಿ29ರಲ್ಲಿ ದಿಕ್ಕು ತಿರುಗಿಸಿದರೆ ಓಟ ಸರಿಹೋಗುತ್ತದೆ, ಆದರೆ ದೀಪಗಳೂ ತಿರುಗಿ ತಪ್ಪಾಗುತ್ತವೆ.

ಹಂತ 6: ಸಿವಿ ಹೊಂದಿಸುವುದು

ಕಂಪ್ಯೂಟರಿಗೆ ಜೋಡಿಸುವ ಸೌಕರ್ಯ ಇದ್ದರೆ ಜೆಎಂಆರ್‌ಐನ ಡಿಕೋಡರ್‌ಪ್ರೊ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಇಲ್ಲದಿದ್ದರೆ ಕಂಟ್ರೋಲರಿನಲ್ಲೇ ಸಾಕು. ಎಂಜಿನ್‌ನ ಮೇಲೆ ಬರೆದಿರುವ ನಂಬರನ್ನೇ ವಿಳಾಸ ಮಾಡುವುದು ರೂಢಿ. ನಾಲ್ಕಂಕಿಯ ವಿಳಾಸ ಸಿವಿ17, 18ರಲ್ಲಿ ಕೂರುತ್ತದೆ. 2222 ಬೇಕಿದ್ದರೆ 256ರಿಂದ ಭಾಗಿಸಿ: 8, ಶೇಷ 174. ಎಂಟಕ್ಕೆ 192 ಸೇರಿಸಿ ಸಿವಿ17ಕ್ಕೆ 200, ಸಿವಿ18ಕ್ಕೆ 174. ಹೆಚ್ಚಿನ ಕಂಟ್ರೋಲರುಗಳು ಈ ಲೆಕ್ಕವನ್ನು ತಾವೇ ಮಾಡುತ್ತವೆ. ಸಿವಿ29ಕ್ಕೆ 34 ಹಾಕಿ: 32 ಉದ್ದ ವಿಳಾಸಕ್ಕೆ, 2 ವೇಗದ ಹಂತಗಳಿಗೆ. ಡಿಸಿ ಹಳಿಯ ಮೇಲೂ ಓಡಿಸಬೇಕು ಅಂದರೆ ಇನ್ನೂ 4 ಸೇರಿಸಿ 38.

ಲಾಕ್‌ಸೌಂಡಿನಲ್ಲಿ ಮೋಟರನ್ನು ತಾನೇ ಅಳೆದುಕೊಳ್ಳುವ ವ್ಯವಸ್ಥೆ ಇದೆ. ಉದ್ದನೆಯ ಸಮತಟ್ಟು ಹಳಿಯಲ್ಲಿ ನಿಲ್ಲಿಸಿ, ಸಿವಿ54ಕ್ಕೆ 0 ಬರೆದು ಕಂಟ್ರೋಲರಿನ ಎಫ್1 ಗುಂಡಿ ಒತ್ತಿ. ಎಂಜಿನ್ ಒಂದೇ ಏಟಿಗೆ ಪೂರ್ತಿ ವೇಗದಲ್ಲಿ ನುಗ್ಗಿ ನಿಲ್ಲುತ್ತದೆ. ಮುಂದೆ ಜಾಗ ಇರಲಿ, ಮೇಜಿನ ಅಂಚು ಇರಬಾರದು. ಇದಾದ ಮೇಲೆ ನಿಧಾನದ ಓಟ ಎದ್ದು ಕಾಣುವಷ್ಟು ನುಣುಪಾಗುತ್ತದೆ.

ಸಿವಿ3 ವೇಗ ಏರುವುದಕ್ಕೆ, ಸಿವಿ4 ಇಳಿಯುವುದಕ್ಕೆ. ಇವನ್ನು ಧಾರಾಳವಾಗಿ ಏರಿಸಿ. ಥ್ರಾಟಲ್ ತಿರುಗಿಸಿದ ಮೇಲೆ ಮೊದಲು ಎಂಜಿನ್ ದನಿ ಏರಿ, ಆಮೇಲೆ ಗಾಲಿ ಕದಲಬೇಕು. ನಿಜವಾದ ಡೀಸೆಲ್ ಹಾಗೇ ಅಲ್ವಾ? ಸದ್ದಿನ ಮಟ್ಟ ಸಿವಿ63ರಲ್ಲಿದೆ, ಗರಿಷ್ಠ 192. ನಾನು ಅರ್ಧಕ್ಕೂ ಕೆಳಗೆ ಇಡುತ್ತೇನೆ. ಪುಟ್ಟ ಎಂಜಿನ್ ಕೋಣೆಯಿಡೀ ಕಿರುಚಿದರೆ ಅದು ಆಟಿಕೆಯೇ ಆಗಿಬಿಡುತ್ತದೆ, ಮೂರು ಎಂಜಿನ್ ಓಡುವಾಗ ತಲೆನೋವು ಬೇರೆ. ಸಿವಿಗಳು ಗೋಜಲಾದರೆ ಸಿವಿ8ಕ್ಕೆ 8 ಬರೆಯಿರಿ, ಎಲ್ಲ ಕಾರ್ಖಾನೆಯ ಸ್ಥಿತಿಗೆ ಮರಳುತ್ತದೆ. ವಿಳಾಸ ಕೂಡ 3 ಆಗುತ್ತದೆ, ನೆನಪಿರಲಿ.

ಕೀಪ್ ಅಲೈವ್ ಬೇಕೇ?

ಕೊಳೆ ಹಳಿಯ ಮೇಲೆ ಕ್ಷಣಕಾಲ ಕರೆಂಟು ತಪ್ಪಿದಾಗ ಕೈಹಿಡಿಯುವ ಕೆಪಾಸಿಟರ್ ಇದು. ಇಎಸ್‌ಯು ಇದನ್ನು ಪವರ್‌ಪ್ಯಾಕ್ ಎನ್ನುತ್ತದೆ. ನಾಲ್ಕು ಗಾಲಿಯ ಪುಟ್ಟ ಎಂಜಿನ್‌ಗೆ ಖಂಡಿತ ಬೇಕು. ಎಂಟು ಗಾಲಿಯಿಂದಲೂ ಕರೆಂಟು ಬರುವ ಜಿಪಿ38-2ಕ್ಕೆ, ಹಂತ 2 ಸರಿಯಾಗಿ ಮಾಡಿದ್ದರೆ, ಬೇಡ. ಹಾಕಿದರೆ ಕೆಲವು ಸಲ ಪ್ರೋಗ್ರಾಮಿಂಗ್ ಹಳಿಯಲ್ಲಿ ಸಿವಿ ಓದಲು ಆಗುವುದಿಲ್ಲ. ಅದಕ್ಕೇ ಅದರ ವೈರಿಗೆ ಸಣ್ಣ ಪ್ಲಗ್ ಇಟ್ಟುಕೊಳ್ಳಿ, ಓದುವಾಗ ಕಳಚಿಡಬಹುದು.

ಸಾಕೆಟ್ ಇರುವ ಎಂಜಿನ್ ಆದರೆ

ಎಂಟು ಪಿನ್ನಿನ ಸಾಕೆಟ್ಟಿನಲ್ಲಿ ಒಂದನೆಯ ಪಿನ್ ಕಿತ್ತಳೆ ವೈರಿನದು. ಬೋರ್ಡಿನ ಮೇಲೆ 1 ಎಂದೋ ಒಂದು ಚುಕ್ಕೆಯೋ ಇರುತ್ತದೆ. ತಿರುಗಿಸಿ ಚುಚ್ಚಿದರೆ ಸಾಮಾನ್ಯವಾಗಿ ಏನೂ ಸುಡುವುದಿಲ್ಲ, ಲೈಟ್ ಮಾತ್ರ ಹತ್ತುವುದಿಲ್ಲ. 21 ಪಿನ್ನಿನದಕ್ಕೆ ಆ ರಿಯಾಯಿತಿ ಇಲ್ಲ. ಅದರಲ್ಲಿ ಒಂದು ಪಿನ್ನಿನ ಜಾಗ ಖಾಲಿ ಇರುತ್ತದೆ, ಡಿಕೋಡರಿನಲ್ಲಿ ಅದೇ ಜಾಗದ ತೂತು ಮುಚ್ಚಿರುತ್ತದೆ. ಎರಡೂ ಹೊಂದಿದರೆ ಮಾತ್ರ ಒತ್ತಿ.

ಬಾಡಿ ಹಾಕಿದ ಮೇಲೆ

ಬಾಡಿ ಇಲ್ಲದಾಗ ಸರಿ ಇದ್ದ ಎಂಜಿನ್ ಬಾಡಿ ಹಾಕಿದ ಮೇಲೆ ಶಾರ್ಟ್ ಆದರೆ ಎಲ್ಲೋ ವೈರ್ ಒತ್ತಿಕೊಂಡಿದೆ. ಕೊಂಡಿಗಳ ಜಾಗ ಮೊದಲು ನೋಡಿ. ತಿರುವಿನಲ್ಲಿ ಮಾತ್ರ ಹಳಿ ತಪ್ಪಿದರೆ ಟ್ರಕ್ಕಿನ ವೈರ್ ಬಿಗಿಯಾಗಿದೆ. ಒಂದೇ ಸ್ವರದಲ್ಲಿ ಚರಚರ ಸದ್ದು ಬಂದರೆ ಸ್ಪೀಕರಿನ ಪೊರೆಗೆ ವೈರೋ ಬಾಡಿಯೋ ತಾಗುತ್ತಿದೆ. ಹಾರನ್ ಒತ್ತಿದಾಗಲೇ ಎಂಜಿನ್ ರೀಸ್ಟಾರ್ಟ್ ಆದರೆ ಡಿಕೋಡರಿನ ತಪ್ಪಲ್ಲ. ಹಾರನ್‌ಗೆ ಕರೆಂಟು ಜಾಸ್ತಿ ಬೇಕು, ಅದು ಗಾಲಿಯಿಂದ ಬರುತ್ತಿಲ್ಲ. ಗಾಲಿ ಒರೆಸಿ, ಹಳಿ ಒರೆಸಿ, ಟ್ರಕ್ಕಿನ ಬೆಸುಗೆಯನ್ನು ಮೀಟರಿನಲ್ಲಿ ಇನ್ನೊಮ್ಮೆ ನೋಡಿ. ಎಲ್ಲ ಸರಿಹೋದ ಮೇಲೆ ಅಮೆರಿಕದ ಲೆವೆಲ್ ಕ್ರಾಸಿಂಗಿನ ಹಾರನ್ ಹೊಡೆಯಬಹುದು: ಎರಡು ಉದ್ದ, ಒಂದು ಗಿಡ್ಡ, ಮತ್ತೆ ಒಂದು ಉದ್ದ. ಆ ಕೊನೆಯದನ್ನು ಎಂಜಿನ್ ರಸ್ತೆಯ ಮೇಲೆ ಬರುವವರೆಗೂ ಬಿಡಬಾರದು.